ಗಿಟ್ ಪುಶ್ ಮಾಡಿದ ಮೇಲೆ ಸರ್ವರ್ ಒಳಗೆ ಎಂತ ಆಗುತ್ತದೆ? "ರಿಜೆಕ್ಟೆಡ್", "ರಿಮೋಟ್ ರಿಜೆಕ್ಟೆಡ್" ಎರಡೂ ಒಂದೇನಾ?

ಮಲ್ಪೆ_ಬಂದರು | ಸೋಮವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯಲ್ಲಿ ಸಣ್ಣ ಟೀಮ್. ಐಸ್ ಪ್ಲಾಂಟ್‌ನವರಿಗೆ, ಬೋಟಿನವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ದೊಡ್ಡ ಬದಲಾವಣೆ ಎಲ್ಲ ಆಗಲೇ ಮಾಡಿ ಮುಗಿಸಬೇಕು. ಅದೇ ಹೊತ್ತಿಗೆ ಇಲ್ಲಿ ಮಳೆ, ಗುಡುಗು, ಕರೆಂಟಿಲ್ಲ, ನೆಟ್ಟಿಲ್ಲ.

ಕೋಡ್ ಇರುವುದು ಆಫೀಸಿನ ಒಂದು ಲಿನಕ್ಸ್ ಮೆಷಿನ್‌ನಲ್ಲಿ. ಬೇರ್ ರೆಪೊ (ಕೋಡಿನ ಇತಿಹಾಸ ಮಾತ್ರ ಇರುವ, ನೇರ ಕೂತು ತಿದ್ದದ ಭಂಡಾರ), ಎಸ್‌ಎಸ್‌ಎಚ್ (ಬೇರೆ ಮೆಷಿನ್‌ಗೆ ಲಾಗಿನ್ ಆಗುವ ಸುರಕ್ಷಿತ ದಾರಿ) ಮೂಲಕ ಗಿಟ್ ಪುಶ್, ಅಂದರೆ ಲ್ಯಾಪ್‌ಟಾಪಿನಲ್ಲಿ ಮಾಡಿದ ಬದಲಾವಣೆಯನ್ನು ಅಲ್ಲಿಗೆ ಕಳಿಸುವುದು. ಪುಶ್ ಅರ್ಧಕ್ಕೆ ನಿಂತರೆ ಸರ್ವರ್‌ನ ರೆಪೊ ಹಾಳಾಗುತ್ತದಾ ಅಂತ ಮೊದಲ ಪ್ರಶ್ನೆ. ಇಬ್ಬರು ಒಂದೇ ಹೊತ್ತಿಗೆ ಮೇನ್ ಬ್ರಾಂಚಿಗೆ (ಎಲ್ಲರ ಕೆಲಸ ಸೇರುವ ಮುಖ್ಯ ಸಾಲು) ಪುಶ್ ಮಾಡಿದರೆ ಯಾರದ್ದು ಉಳಿಯುತ್ತದೆ? ಕೆಲವು ಸಲ "ರಿಜೆಕ್ಟೆಡ್" ಅಂತ ಬರುತ್ತದೆ, ಕೆಲವು ಸಲ "ರಿಮೋಟ್ ರಿಜೆಕ್ಟೆಡ್" ಅಂತ. ಮತ್ತೆ, ಪೋಸ್ಟ್-ರಿಸೀವ್ ಹುಕ್‌ನಲ್ಲಿ (ಪುಶ್ ಬಂದಾಗ ಸರ್ವರ್‌ನಲ್ಲಿ ಗಿಟ್ ತಾನೇ ಓಡಿಸುವ ಸ್ಕ್ರಿಪ್ಟ್) ನಮ್ಮ ಡಿಪ್ಲಾಯ್ ಸ್ಕ್ರಿಪ್ಟ್, ಅಂದರೆ ಹೊಸ ಕೋಡನ್ನು ಲೈವ್ ಮಾಡುವ ಸ್ಕ್ರಿಪ್ಟ್ ಇದೆ. ಅದು ಫೇಲ್ ಆದರೂ ಪುಶ್ ಸಕ್ಸಸ್ ಅಂತಲೇ ತೋರಿಸುತ್ತದೆ. ಇದು ಸರಿಯಾ?

ಕುಂದಾಪ್ರ_ಕೋಡ್ | ಸೋಮವಾರ, 10:31

ಗಿಟ್‌ಹಬ್‌ಗೆ ಹಾಕಿ ಮಾರಾಯ್ರೆ. ಮಳೆಗಾಲದಲ್ಲಿ ಯಾಕೆ ಈ ತಲೆಬಿಸಿ.

ಮಲ್ಪೆ_ಬಂದರು | ಸೋಮವಾರ, 10:34

ಕೋಡ್ ಆಫೀಸು ಬಿಟ್ಟು ಹೊರಗೆ ಹೋಗಬಾರದು ಅಂತ ಗಿರಾಕಿಗಳ ಷರತ್ತು ಉಂಟು. ಅಲ್ಲದೆ ಅಲ್ಲಿಗೆ ಹಾಕಿದರೂ ಪುಶ್ ನಡೆಯುವ ರೀತಿ ಇದೇ ಅಲ್ವಾ?

ಬಿಜೈ_ಬ್ಯಾಕೆಂಡ್ | ಸೋಮವಾರ, 11:48

ಹೌದು, ಪ್ರೋಟೋಕಾಲ್ ಅದೇ. ಸ್ವಲ್ಪ ಉದ್ದ ಬರೆಯುತ್ತೇನೆ. ಪುಶ್ ಅಂದರೆ ಫೈಲ್ ಕಾಪಿ ಅಂತ ಅಂದುಕೊಂಡಷ್ಟು ದಿನ ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೊಳೆಯುವುದಿಲ್ಲ. "ಮೇನ್ ಈಗ ಇಲ್ಲಿದೆ, ಅದನ್ನು ಅಲ್ಲಿಗೆ ಸರಿಸಬಹುದಾ" ಅಂತ ಸರ್ವರ್ ಹತ್ತಿರ ಕೇಳುವುದೇ ಪುಶ್. ಬೇಡ ಅನ್ನಲು ಸರ್ವರ್‌ಗೆ ನಾಲ್ಕಾರು ಕಡೆ ಅವಕಾಶ ಉಂಟು. ನಿಮ್ಮ ಪುಶ್ ಯಾವ ಕಡೆ ನಿಂತಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನೀವು ಪುಶ್ ಕೊಟ್ಟಾಗ ನಿಮ್ಮ ಗಿಟ್ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಸರ್ವರ್‌ನಲ್ಲಿ ಗಿಟ್-ರಿಸೀವ್-ಪ್ಯಾಕ್ ಅನ್ನುವ ಪ್ರೋಗ್ರಾಂ ಓಡಿಸುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಗಿಟ್‌ಗೆ ಅಂತ ಸದಾ ಓಡುವ ಸರ್ವರ್ ಬೇಕಾಗಿಲ್ಲ. ಆ ಹೊತ್ತಿಗೆ ಏಳುತ್ತದೆ, ಕೆಲಸ ಮುಗಿಸಿ ಮಲಗುತ್ತದೆ. ಮೊದಲು ಮಾತಾಡುವುದೂ ಅದೇ. ತನ್ನಲ್ಲಿರುವ ಬ್ರಾಂಚು, ಟ್ಯಾಗುಗಳ ಹೆಸರು, ಅವುಗಳ ಹ್ಯಾಶ್ (ಗುರುತಿನ ಉದ್ದ ಸಂಖ್ಯೆ), ತನಗೆ ಏನೇನು ಬರುತ್ತದೆ ಅನ್ನುವ ಪಟ್ಟಿ, ಇಷ್ಟನ್ನೂ ಒಪ್ಪಿಸುತ್ತದೆ.

ಮೊದಲ "ಇಲ್ಲ" ಹುಟ್ಟುವುದು ಇಲ್ಲಿ, ಅದೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ. ಸರ್ವರ್ ಹೇಳಿದ ಮೇನ್‌ನ ಕಮಿಟ್ (ಉಳಿಸಿದ ಆವೃತ್ತಿ) ನಿಮ್ಮಲ್ಲಿ ಇಲ್ಲವೇ ಇಲ್ಲ ಅಂದರೆ ನಿಮ್ಮ ಗಿಟ್ "ರಿಜೆಕ್ಟೆಡ್, ಫೆಚ್ ಫಸ್ಟ್" ಅನ್ನುತ್ತದೆ. ಕಮಿಟ್ ಇದೆ, ಆದರೆ ನೀವು ಕಳಿಸುವ ಕಮಿಟ್‌ನ ಹಿಂದಿನ ಸಾಲಿನಲ್ಲಿ ಇಲ್ಲ ಅಂದರೆ "ನಾನ್-ಫಾಸ್ಟ್-ಫಾರ್ವರ್ಡ್". ಎರಡರಲ್ಲೂ ಸರ್ವರ್‌ಗೆ ನಿಮ್ಮ ಕೋಡಿನ ಒಂದು ಬೈಟ್ ಸಹ ಹೋಗಿರುವುದಿಲ್ಲ. "ರಿಮೋಟ್ ರಿಜೆಕ್ಟೆಡ್" ಅಂತ ಬಂದರೆ ಮಾತ್ರ ಸರ್ವರೇ ಬೇಡ ಅಂದಿದೆ ಅಂತ ಅರ್ಥ. ಮೊದಲನೆಯದಕ್ಕೆ ಮದ್ದು ನಿಮ್ಮ ಕಡೆ ಇದೆ: ಫೆಚ್ ಮಾಡಿ (ಸರ್ವರ್‌ನ ಹೊಸದನ್ನು ತನ್ನಿ), ಮರ್ಜ್ (ಎರಡನ್ನೂ ಜೋಡಿಸುವುದು) ಅಥವಾ ರೀಬೇಸ್ (ನಿಮ್ಮದನ್ನು ಅದರ ಮೇಲೆ ಕೂರಿಸುವುದು) ಮಾಡಿ. ಎರಡನೆಯದು ಬಂದರೆ ಕಂಸದೊಳಗಿನ ಕಾರಣ, ಅದರ ಮೇಲಿನ "ರಿಮೋಟ್:" ಸಾಲುಗಳು, ಎರಡನ್ನೂ ಓದಿ. ಜನ ಅವನ್ನು ಓದುವುದೇ ಇಲ್ಲ, ಸುಮ್ನೆ ಇನ್ನೊಮ್ಮೆ ಪುಶ್ ಒತ್ತುತ್ತಾರೆ.

ಮುಂದೆ ಹೋಗಬಹುದು ಅಂತಾದರೆ ನಿಮ್ಮ ಕಡೆಯಿಂದ ಪ್ರತಿ ಬ್ರಾಂಚಿಗೆ ಒಂದು ಸಾಲು ಹೋಗುತ್ತದೆ: ಹಳೆಯ ಹ್ಯಾಶ್, ಹೊಸ ಹ್ಯಾಶ್, ಬ್ರಾಂಚಿನ ಹೆಸರು. ಹೊಸ ಬ್ರಾಂಚ್ ಆದರೆ ಹಳೆಯ ಹ್ಯಾಶ್ ಜಾಗದಲ್ಲಿ 40 ಸೊನ್ನೆ. ಬ್ರಾಂಚ್ ಅಳಿಸುವುದಾದರೆ ಹೊಸ ಹ್ಯಾಶ್ ಜಾಗದಲ್ಲಿ 40 ಸೊನ್ನೆ. ಅದರ ಹಿಂದೆಯೇ ಪ್ಯಾಕ್ ಬರುತ್ತದೆ, ಸರ್ವರ್‌ನಲ್ಲಿ ಇಲ್ಲದ ಆಬ್ಜೆಕ್ಟ್‌ಗಳ (ಫೈಲು, ಫೋಲ್ಡರ್, ಕಮಿಟ್‌ಗಳನ್ನು ಗಿಟ್ ಉಳಿಸಿಡುವ ತುಣುಕುಗಳು) ಕಟ್ಟು. ಸರ್ವರ್‌ನಲ್ಲಿ ಈಗಾಗಲೇ ಇರುವ ಫೈಲಿನಲ್ಲಿ ಎರಡು ಸಾಲು ಬದಲಾಗಿದ್ದರೆ ಸಾಮಾನ್ಯವಾಗಿ ಆ ವ್ಯತ್ಯಾಸ ಮಾತ್ರ ಬರುತ್ತದೆ. ಇಂಥದ್ದಕ್ಕೆ ಥಿನ್ ಪ್ಯಾಕ್ ಅನ್ನುತ್ತಾರೆ. ದೊಡ್ಡ ಫೈಲಿನ ಪುಶ್ ಕೂಡ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದು ಇದರಿಂದಲೇ.

ಕಟ್ಟಿನಲ್ಲಿ 100ಕ್ಕಿಂತ ಕಡಿಮೆ ಆಬ್ಜೆಕ್ಟ್ ಇದ್ದರೆ ಸರ್ವರ್ ಬಿಚ್ಚಿ ಬಿಡಿಬಿಡಿಯಾಗಿ ಇಡುತ್ತದೆ. ಜಾಸ್ತಿ ಇದ್ದರೆ ಕಟ್ಟನ್ನು ಹಾಗೇ ಇಟ್ಟುಕೊಂಡು, ಥಿನ್ ಪ್ಯಾಕ್‌ನಲ್ಲಿ ಬಿಟ್ಟುಹೋದದ್ದನ್ನು ತುಂಬಿಸಿ, ಒಂದು ಇಂಡೆಕ್ಸ್ ಬರೆಯುತ್ತದೆ. ಈ 100ರ ಮಿತಿಯನ್ನು ಬದಲಿಸಬಹುದು.

ಈಗ ನಿಮ್ಮ ಮೊದಲ ಪ್ರಶ್ನೆ. ಬಂದ ಆಬ್ಜೆಕ್ಟ್‌ಗಳು ನೇರ ರೆಪೊದೊಳಗೆ ಬೀಳುವುದಿಲ್ಲ. 2016ರಲ್ಲಿ ಬಂದ ಗಿಟ್ 2.11ರಿಂದ ಅವು ಮೊದಲು ಒಂದು ತಾತ್ಕಾಲಿಕ ಫೋಲ್ಡರ್‌ಗೆ ಹೋಗುತ್ತವೆ. ಅದನ್ನು ಕ್ವಾರಂಟೈನ್ ಅನ್ನುತ್ತಾರೆ. ಬಂದ ಪಾರ್ಸೆಲನ್ನು ಮನೆಯೊಳಗೆ ತರುವ ಮೊದಲು ಜಗಲಿಯಲ್ಲೇ ಬಿಚ್ಚಿ ನೋಡಿದ ಹಾಗೆ. ಪ್ಯಾಕ್‌ನ ಕೊನೆಯಲ್ಲಿ ಇಡೀ ಕಟ್ಟಿನ ಚೆಕ್‌ಸಮ್ (ಸರಿಯಾಗಿ ಬಂತಾ ಅಂತ ತಾಳೆ ನೋಡುವ ಸಂಖ್ಯೆ) ಇರುತ್ತದೆ. ಅರ್ಧಕ್ಕೆ ನೆಟ್ ಹೋದರೆ ಕೊನೆ ಬರುವುದೇ ಇಲ್ಲ, ಆ ಫೋಲ್ಡರ್ ಅಳಿದುಹೋಗುತ್ತದೆ, ಮೇನ್ ಇದ್ದಲ್ಲೇ ಇರುತ್ತದೆ. ನೆಟ್ ಬಂದ ಮೇಲೆ ಮತ್ತೆ ಪುಶ್ ಮಾಡಿದರೆ ಆಯಿತು. ಮೊದಲಿನಿಂದ ಕಳಿಸಬೇಕು, ಬಿಟ್ಟಲ್ಲಿಂದ ಮುಂದುವರಿಸಲು ಆಗುವುದಿಲ್ಲ. ಅದೊಂದು ಬೇಜಾರು.

ಪೂರ್ತಿ ಬಂದ ಮೇಲೆ ಇನ್ನೊಂದು ತಪಾಸಣೆ. ಹೊಸ ಕಮಿಟ್‌ನಿಂದ ಹಿಂದಕ್ಕೆ ಹೋಗುತ್ತಾ ಬೇಕಾದ ಎಲ್ಲ ಆಬ್ಜೆಕ್ಟ್‌ಗಳೂ ಇವೆಯಾ ಅಂತ ನೋಡುತ್ತದೆ. ನಂತರ ಪ್ರೀ-ರಿಸೀವ್ ಹುಕ್. ಅದು ಒಪ್ಪಿದ ಮೇಲಷ್ಟೇ ಕ್ವಾರಂಟೈನ್‌ನಲ್ಲಿ ಇದ್ದದ್ದು ನಿಜವಾದ ಜಾಗಕ್ಕೆ ಹೋಗುತ್ತದೆ. ಆಮೇಲೆ ಒಂದೊಂದೇ ಬ್ರಾಂಚಿನ ಸರದಿ: ಫೋರ್ಸ್ ಪುಶ್, ಡಿಲೀಟ್ ತಡೆಯುವ ಸೆಟ್ಟಿಂಗ್ ಇದ್ದರೆ ಅದು, ಅಪ್‌ಡೇಟ್ ಹುಕ್, ಕೊನೆಗೆ ಬ್ರಾಂಚನ್ನು ಲಾಕ್ ಮಾಡಿ ಸರಿಸುವುದು. ಆದ ಮೇಲೆ ನಿಮಗೆ ವರದಿ. ವರದಿ ಕಳಿಸಿದ ನಂತರ ಪೋಸ್ಟ್-ರಿಸೀವ್ ಓಡುತ್ತದೆ. ನಿಮ್ಮ ಡಿಪ್ಲಾಯ್ ಪ್ರಶ್ನೆಗೆ ಉತ್ತರ ಆ "ನಂತರ"ದಲ್ಲೇ ಇದೆ. ಸ್ಕ್ರಿಪ್ಟ್ ಬಿದ್ದಾಗ ಬ್ರಾಂಚ್ ಸರಿದು ಆಗಿದೆ, ವರದಿಯೂ ಹೋಗಿದೆ. ಅದರ ಎಕ್ಸಿಟ್ ಕೋಡ್ ನೋಡಿ ಪುಶ್ ಹಿಂದಕ್ಕೆ ತೆಗೆಯುವವರು ಯಾರೂ ಇಲ್ಲ.

ಕಾಪು_ಲೈಟ್‌ಹೌಸ್ | ಸೋಮವಾರ, 12:05

ಅಕ್ಕ, ತುಂಬ ಥ್ಯಾಂಕ್ಸ್. ನಾನು ಈಗಷ್ಟೇ ಕೆಲಸಕ್ಕೆ ಸೇರಿದ್ದು, ಒಂದು ಸಣ್ಣ ಡೌಟು. ಇಬ್ಬರು ಒಟ್ಟಿಗೆ ಪುಶ್ ಮಾಡಿದರೆ ಇಬ್ಬರ ಲ್ಯಾಪ್‌ಟಾಪೂ "ಎಲ್ಲ ಸರಿ ಇದೆ" ಅಂತಲೇ ಹೇಳುತ್ತದೆ ಅಲ್ವಾ? ಇಬ್ಬರಿಗೂ ಸರ್ವರ್ ತೋರಿಸಿದ್ದು ಒಂದೇ ಹಳೆಯ ಹ್ಯಾಶ್.

ಬಿಜೈ_ಬ್ಯಾಕೆಂಡ್ | ಸೋಮವಾರ, 12:22

ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಪ್ರತಿ ಸಾಲಿನಲ್ಲೂ ಹಳೆಯ ಹ್ಯಾಶ್ ಕಳಿಸುವುದು ಅದಕ್ಕೇ. ಸರ್ವರ್ ಮೇನ್‌ಗೆ ಒಂದು ಲಾಕ್ ಫೈಲ್ ಮಾಡುತ್ತದೆ. ಲಾಕ್ ಹಿಡಿದುಕೊಂಡು "ಈಗಲೂ ಅದೇ ಹಳೆಯ ಹ್ಯಾಶ್ ಇದೆಯಾ" ಅಂತ ನೋಡುತ್ತದೆ. ಇದ್ದರೆ ಲಾಕ್ ಫೈಲಿನಲ್ಲಿ ಹೊಸ ಹ್ಯಾಶ್ ಬರೆದು ಅದನ್ನೇ ಮೇನ್ ಅಂತ ರಿನೇಮ್ ಮಾಡುತ್ತದೆ. ಎರಡನೆಯವರ ಸರದಿ ಬಂದಾಗ ಹ್ಯಾಶ್ ಬದಲಾಗಿರುತ್ತದೆ. ಅವರಿಗೆ "ಕ್ಯಾನಾಟ್ ಲಾಕ್ ರೆಫ್", ಇರುವುದು ಇದು, ನಿರೀಕ್ಷಿಸಿದ್ದು ಅದು ಅಂತ ಸಂದೇಶ, ಕೆಳಗೆ "ರಿಮೋಟ್ ರಿಜೆಕ್ಟೆಡ್".

ಮೊದಲು ಬಂದವರದ್ದು ಉಳಿಯುತ್ತದೆ, ಎರಡನೆಯವರದ್ದು ಅಳಿಯುವುದಿಲ್ಲ. ಅವರ ಕಮಿಟ್ ಅವರ ಲ್ಯಾಪ್‌ಟಾಪ್‌ನಲ್ಲಿ ಭದ್ರವಾಗಿದೆ. ಅವರ ಆಬ್ಜೆಕ್ಟ್‌ಗಳು ಸರ್ವರ್‌ನೊಳಗೂ ಸೇರಿಬಿಟ್ಟಿರುತ್ತವೆ. ಯಾವ ಬ್ರಾಂಚೂ ಅವನ್ನು ತೋರಿಸದ ಕಾರಣ ಯಾರಿಗೂ ಕಾಣುವುದಿಲ್ಲ, ಅಷ್ಟೆ. ಎರಡು ವಾರ ಹಳತಾದ ಮೇಲೆ ಗಿಟ್‌ನ ಕಸ ಗುಡಿಸುವ ಕೆಲಸದಲ್ಲಿ ಹೋಗುತ್ತವೆ.

ಹಳೇ_ಎಸ್‌ವಿಎನ್ | ಸೋಮವಾರ, ಮಧ್ಯಾಹ್ನ 2:40

ಊಟ ಮುಗಿಸಿ ಬಂದು ಓದಿದೆ. ಒಂದು ತಕರಾರು. ಗಿಟ್‌ಗಿಂತ ಮೊದಲೇ ಇದೇ ಕೆಲಸ ಮಾಡುತ್ತಿದ್ದ ಸಬ್‌ವರ್ಶನ್ 1.0 ಬಂದದ್ದು 2004ರಲ್ಲಿ. ಅದರಲ್ಲಿ ನಾನು ಬಿಲ್ ಫೈಲ್ ತಿದ್ದಿ, ನೀವು ಸ್ಟಾಕ್ ಫೈಲ್ ತಿದ್ದಿ ಒಟ್ಟಿಗೆ ಕಮಿಟ್ ಮಾಡಿದರೆ ಎರಡೂ ಒಳಗೆ ಹೋಗುತ್ತಿತ್ತು. "ಔಟ್ ಆಫ್ ಡೇಟ್" ಬರುತ್ತಿದ್ದದ್ದು ಒಂದೇ ಫೈಲನ್ನು ಇಬ್ಬರೂ ಮುಟ್ಟಿದಾಗ. ಸರ್ವರೇ ಟ್ರಾನ್ಸಾಕ್ಷನ್ ಮಾಡಿ, ಪ್ರೀ-ಕಮಿಟ್ ಹುಕ್ ಓಡಿಸಿ, ಒಂದಾದ ಮೇಲೊಂದು ರಿವಿಷನ್ ನಂಬರ್ ಕೊಡುತ್ತಿತ್ತು. ನಾಲ್ಕು ಜನರ ಟೀಮ್‌ಗೆ ಅದೇ ಸಾಕಿತ್ತು. ಗಿಟ್ ಬಂದ ಮೇಲೆ ಬೇರೆ ಯಾರೋ ಸಂಬಂಧವೇ ಇಲ್ಲದ ಫೈಲ್ ತಿದ್ದಿದರೂ ನಾನು ಮೊದಲು ಪುಲ್ ಮಾಡಬೇಕು (ಸರ್ವರ್‌ನದ್ದು ತಂದು ನನ್ನದಕ್ಕೆ ಜೋಡಿಸಬೇಕು). ಇದು ಎಂತ ಸುಧಾರಣೆ?

ಬಿಜೈ_ಬ್ಯಾಕೆಂಡ್ | ಸೋಮವಾರ, 3:02

ಸರ್, ಅದು ಬೇಕು ಅಂತಲೇ ಮಾಡಿದ್ದು. ನಿಮ್ಮ ಉದಾಹರಣೆಯಲ್ಲಿ ಸರ್ವರ್‌ನಲ್ಲಿ ಆಗುವ ಎರಡೂ ಬದಲಾವಣೆಯ ಜೋಡಣೆ ಯಾರ ಮೆಷಿನ್‌ನಲ್ಲೂ ಓಡಿಯೇ ಇರುವುದಿಲ್ಲ. ಬಿಲ್ ಫೈಲ್ ಕರೆಯುವ ಫಂಕ್ಷನ್ನಿನ ಹೆಸರನ್ನು ನಾನು ಸ್ಟಾಕ್ ಫೈಲಿನಲ್ಲಿ ಬದಲಿಸಿದ್ದರೆ? ಸಬ್‌ವರ್ಶನ್ ಎರಡನ್ನೂ ತೆಗೆದುಕೊಳ್ಳುತ್ತದೆ, ಬಿಲ್ಡ್ ಒಡೆಯುತ್ತದೆ. ಗಿಟ್‌ನಲ್ಲಿ ಕಮಿಟ್ ಅಂದರೆ ಇಡೀ ಪ್ರಾಜೆಕ್ಟಿನ ಚಿತ್ರ. ಆ ಚಿತ್ರ ಪುಶ್ ಮಾಡುವವರ ಮೆಷಿನ್‌ನಲ್ಲೇ ಸಿದ್ಧವಾಗಿರಬೇಕು.

ಹಳೇ_ಎಸ್‌ವಿಎನ್ | ಸೋಮವಾರ, 3:10

ಸಿದ್ಧವಾಗಿರಬೇಕು, ಸರಿ. ಓಡಿಸಿ ನೋಡುವವರು ಎಷ್ಟು ಜನ? ಪುಲ್ ಮಾಡಿ ಮರುಗಳಿಗೆಯಲ್ಲಿ ಪುಶ್ ಮಾಡುತ್ತಾರೆ. ಆದರೂ ನಿಮ್ಮ ಮಾತಿನಲ್ಲಿ ಅರ್ಥ ಇದೆ, ಬಿಡಿ.

ಸುರತ್ಕಲ್_ಸರ್ವರ್ | ಸೋಮವಾರ, ಸಂಜೆ 5:15

ಬಿಜೈ ಮೇಡಂ ಬರೆದದ್ದು ನೆಟ್ ಹೋಗುವ ವಿಷಯಕ್ಕೆ ಪೂರ್ತಿ ಸರಿ. ಆದರೆ ಮಲ್ಪೆಯವರು ಕರೆಂಟನ್ನೂ ಕೇಳಿದ್ದಾರೆ. ಲ್ಯಾಪ್‌ಟಾಪಿನ ಕಡೆ ಕರೆಂಟ್ ಹೋದರೆ ಚಿಂತೆ ಇಲ್ಲ. ಸರ್ವರ್‌ನದ್ದೇ ಹೋದರೆ ಕಥೆ ಬೇರೆ.

ಪ್ರೋಗ್ರಾಂ "ಬರೆದಾಯಿತು" ಅಂದ ಮಾತ್ರಕ್ಕೆ ಅದು ಡಿಸ್ಕ್ ಮೇಲೆ ಕೂತಿದೆ ಅಂತ ಅಲ್ಲ. ಸ್ವಲ್ಪ ಹೊತ್ತು ಆಪರೇಟಿಂಗ್ ಸಿಸ್ಟಂನ ಮೆಮೊರಿಯಲ್ಲೇ ಇರುತ್ತದೆ. ಡಿಸ್ಕ್‌ಗೆ ಈಗಲೇ ಇಳಿಸು ಅಂತ ಒತ್ತಾಯ ಮಾಡುವುದಕ್ಕೆ ಎಫ್‌ಸಿಂಕ್ ಅನ್ನುತ್ತೇವೆ. ಗಿಟ್ ಪ್ಯಾಕ್ ಫೈಲುಗಳಿಗೆ ಇದನ್ನು ಮಾಡುತ್ತದೆ. ಬಿಡಿ ಆಬ್ಜೆಕ್ಟ್‌ಗಳಿಗೆ ಲಿನಕ್ಸ್‌ನಲ್ಲಿ ತಾನಾಗಿ ಮಾಡುವುದಿಲ್ಲ, ಕೆಲಸ ನಿಧಾನವಾಗುತ್ತದೆ ಅಂತ. ಸಣ್ಣ ಟೀಮ್‌ನ ದಿನನಿತ್ಯದ ಪುಶ್ ಹೆಚ್ಚಾಗಿ 100 ಆಬ್ಜೆಕ್ಟ್ ದಾಟುವುದೇ ಇಲ್ಲ. ಅಂದರೆ ನಿಮ್ಮ ಹೆಚ್ಚಿನ ಕೋಡ್ ಬಿಡಿಯಾಗಿಯೇ ಬರೆಯಲ್ಪಡುವುದು. ಸಿಡಿಲಿಗೆ ಮೆಷಿನ್ ಆಫ್ ಆಗಿ ಎದ್ದಾಗ "ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ" ಅಂತ ಬೈಗುಳ ಬರುವುದು ಇಂಥ ಕಡೆಯೇ. ಫೈಲಿನ ಹೆಸರು ಇರುತ್ತದೆ, ಒಳಗೆ ಸೊನ್ನೆ ಬೈಟ್.

2022ರಲ್ಲಿ ಬಂದ ಗಿಟ್ 2.36ರಿಂದ ಕೋರ್ ಗುಂಪಿನಲ್ಲಿ ಎಫ್‌ಸಿಂಕ್ ಅಂತಲೇ ಒಂದು ಸೆಟ್ಟಿಂಗ್ ಇದೆ. ಅದಕ್ಕೆ "ಆಲ್" ಕೊಟ್ಟುಬಿಡಿ. ನಿಮ್ಮ ಗಾತ್ರದ ರೆಪೊದಲ್ಲಿ ನಿಧಾನ ಆಗುವುದು ಗಮನಕ್ಕೂ ಬರುವುದಿಲ್ಲ. ಅದರ ಜತೆ ಸರ್ವರ್‌ಗೆ ಯುಪಿಎಸ್, ಬ್ಯಾಟರಿ ತಗ್ಗಿದಾಗ ಮೆಷಿನ್ ತಾನೇ ಶಟ್‌ಡೌನ್ ಆಗುವ ಹಾಗೆ ಕೇಬಲ್ ಜೋಡಣೆ. ಬರೀ ಯುಪಿಎಸ್ ಇಟ್ಟು ಆ ಕೇಬಲ್ ಹಾಕದವರೇ ನಮ್ಮ ಕಡೆ ಜಾಸ್ತಿ. ಕರೆಂಟ್ ಹೋಗಿ ಬಂದ ಮೇಲೆ ರೆಪೊದಲ್ಲಿ ಗಿಟ್ ಎಫ್‌ಎಸ್‌ಸಿಕೆ (ಆಬ್ಜೆಕ್ಟ್‌ಗಳು ಸರಿ ಇವೆಯಾ ಅಂತ ನೋಡುವ ಕಮಾಂಡ್) ಓಡಿಸಿ ನೋಡಿ. ಏನಾದರೂ ಹಾಳಾಗಿದ್ದರೆ ಗಾಬರಿ ಬೇಡ. ಪುಶ್ ಮಾಡಿದವರ ಲ್ಯಾಪ್‌ಟಾಪ್‌ನಲ್ಲಿ ಅದೇ ಆಬ್ಜೆಕ್ಟ್ ಅದೇ ಹೆಸರಲ್ಲಿ ಇರುತ್ತದೆ, ಅಲ್ಲಿಂದ ತರಬಹುದು.

ಇನ್ನೊಂದು, ರಿಸೀವ್ ಗುಂಪಿನಲ್ಲಿ ಎಫ್‌ಎಸ್‌ಸಿಕೆ-ಆಬ್ಜೆಕ್ಟ್ಸ್ ಅಂತ ಇದೆ. ಮೂಲದಲ್ಲಿ ಆಫ್ ಇರುತ್ತದೆ. ಆನ್ ಮಾಡಿದರೆ ಬಂದ ಪ್ರತಿ ಆಬ್ಜೆಕ್ಟಿನ ಒಳರಚನೆ ಸರಿ ಇದೆಯಾ ಅಂತ ಕ್ವಾರಂಟೈನ್‌ನಲ್ಲೇ ನೋಡುತ್ತದೆ.

ಕುಂದಾಪ್ರ_ಕೋಡ್ | ಸೋಮವಾರ, 5:40

ನಮ್ಮಲ್ಲಿ ಒಬ್ಬರು ಯಾವ ರಿಜೆಕ್ಟ್ ಬಂದರೂ ಹಿಂದೆಮುಂದೆ ನೋಡದೆ ಫೋರ್ಸ್ ಹಾಕುತ್ತಾರೆ. ಅಂಥವರಿಗೆ ಸರ್ವರ್ ಎಂತ ಮಾಡುತ್ತದೆ?

ಸುರತ್ಕಲ್_ಸರ್ವರ್ | ಸೋಮವಾರ, 6:05

ಏನೂ ಮಾಡುವುದಿಲ್ಲ, ನೀವು ಹೇಳದೇ ಇದ್ದರೆ. ಫೋರ್ಸ್ ಅಂದರೆ ಲ್ಯಾಪ್‌ಟಾಪ್ ಕಡೆಯ ತಪಾಸಣೆ ಬಿಟ್ಟುಬಿಡು ಅಂತ ಅಷ್ಟೆ. ಸರ್ವರ್ ಕಡೆ ಡಿನೈ-ನಾನ್-ಫಾಸ್ಟ್-ಫಾರ್ವರ್ಡ್ಸ್ ಆನ್ ಇದ್ದರೆ ಫೋರ್ಸ್ ಹಾಕಿದರೂ "ರಿಮೋಟ್ ರಿಜೆಕ್ಟೆಡ್". ಸಾಮಾನ್ಯ ಬೇರ್ ರೆಪೊದಲ್ಲಿ ಇದು ಆಫ್. ರೆಪೊ ಶುರುಮಾಡುವಾಗಲೇ ಶೇರ್ಡ್ ಅಂತ ಕೊಟ್ಟು ಮಾಡಿದ್ದರೆ ಮಾತ್ರ ತಾನಾಗಿ ಆನ್. ಒಂದು ಆಫೀಸಿನಲ್ಲಿ ಫೋರ್ಸ್ ನಡೆಯುತ್ತದೆ, ಇನ್ನೊಂದರಲ್ಲಿ ಇಲ್ಲ ಅನ್ನುವ ಗೊಂದಲ ಬರುವುದು ಇದರಿಂದಲೇ. ಡಿನೈ-ಡಿಲೀಟ್ಸ್ ಸಹ ಆನ್ ಮಾಡಿ. ಇಲ್ಲದಿದ್ದರೆ ಬ್ರಾಂಚ್ ಅಳಿಸಿ, ಅದೇ ಹೆಸರಲ್ಲಿ ಮತ್ತೆ ಪುಶ್ ಮಾಡಿ ದಾಟುತ್ತಾರೆ. ಹಿತ್ತಲ ಬಾಗಿಲು ಎಲ್ಲರಿಗೂ ಗೊತ್ತಿರುತ್ತದೆ.

ಬಿಜೈ_ಬ್ಯಾಕೆಂಡ್ | ಸೋಮವಾರ, 6:30

ನನಗೆ ಇದು ಅರ್ಧ ಒಪ್ಪಿಗೆ. ಆ ಸೆಟ್ಟಿಂಗ್ ಇಡೀ ರೆಪೊಗೆ ಬೀಳುತ್ತದೆ. ನನ್ನ ಸ್ವಂತ ಕೆಲಸದ ಬ್ರಾಂಚನ್ನು ರೀಬೇಸ್ ಮಾಡಿ ಕಳಿಸುವುದಕ್ಕೂ ತಡೆ. ನಾನಾದರೆ ಅದನ್ನು ಆಫ್ ಇಟ್ಟು ಅಪ್‌ಡೇಟ್ ಹುಕ್ ಬರೆಯುತ್ತೇನೆ. ಅದು ಪ್ರತಿ ಬ್ರಾಂಚಿಗೆ ಒಂದು ಸಲ ಓಡುತ್ತದೆ, ಬ್ರಾಂಚಿನ ಹೆಸರು, ಹಳೆಯ ಹ್ಯಾಶ್, ಹೊಸ ಹ್ಯಾಶ್ ಸಿಗುತ್ತವೆ. ಮೇನ್ ಆಗಿದ್ದು, ಹಳೆಯದು ಹೊಸದರ ಪೂರ್ವಜ ಅಲ್ಲದಿದ್ದರೆ ಬೇಡ. ಉಳಿದ ಬ್ರಾಂಚ್ ಅವರವರ ಇಷ್ಟ. ಅಪ್‌ಡೇಟ್ ಹುಕ್ ಒಂದನ್ನು ತಡೆದರೆ ಅದೇ ಪುಶ್‌ನ ಬೇರೆ ಬ್ರಾಂಚುಗಳು ಒಳಗೆ ಹೋಗುತ್ತವೆ. ಪ್ರೀ-ರಿಸೀವ್ ಒಂದೇ ಸಲ ಓಡುವುದು, ಅದು ಬೇಡ ಅಂದರೆ ಇಡೀ ಪುಶ್ ವಾಪಸ್. ಅಟಾಮಿಕ್ ಅಂತ ಕೇಳಿ ಪುಶ್ ಮಾಡಿದರೆ ಹುಕ್ ಯಾವುದೇ ಇರಲಿ, ಒಂದು ಬಿದ್ದರೆ ಎಲ್ಲವೂ ಬಿದ್ದವು.

ಫೋರ್ಸ್ ಹಾಕಲೇಬೇಕಾದವರು ಫೋರ್ಸ್-ವಿತ್-ಲೀಸ್ ಹಾಕಲಿ. 2013ರಿಂದ ಇದೆ. ನಾನು ಕೊನೆಗೆ ನೋಡಿದ ಜಾಗದಲ್ಲೇ ಸರ್ವರ್‌ನ ಬ್ರಾಂಚ್ ಇದ್ದರೆ ಮಾತ್ರ ತುಳಿ ಅಂತ ಅರ್ಥ. ಒಂದು ಎಚ್ಚರಿಕೆ: ಕೆಲವು ಎಡಿಟರ್‌ಗಳು ಹಿಂದಿನಿಂದ ತಾವೇ ಫೆಚ್ ಮಾಡುತ್ತಿರುತ್ತವೆ. ಆಗ "ಕೊನೆಗೆ ನೋಡಿದ್ದು" ನಿಮಗೆ ಗೊತ್ತಿಲ್ಲದೆ ಹೊಸದಾಗಿರುತ್ತದೆ, ಲೀಸ್‌ಗೆ ಅರ್ಥವೇ ಉಳಿಯುವುದಿಲ್ಲ.

ಕಾಪು_ಲೈಟ್‌ಹೌಸ್ | ಸೋಮವಾರ, ರಾತ್ರಿ 9:10

ಹುಕ್‌ನಲ್ಲಿ ನಾವು ಬರೆದ ಎಕೋ ಸಾಲು ಪುಶ್ ಮಾಡಿದವರ ಸ್ಕ್ರೀನ್‌ಗೆ ಹೇಗೆ ಬರುತ್ತದೆ? ಮತ್ತೆ, ಅದನ್ನು ಕನ್ನಡದಲ್ಲಿ ಬರೆಯಬಹುದಾ?

ಬಿಜೈ_ಬ್ಯಾಕೆಂಡ್ | ಸೋಮವಾರ, 9:26

ಸರ್ವರ್‌ನಿಂದ ವಾಪಸ್ ಬರುವ ಒಂದೇ ದಾರಿಯಲ್ಲಿ ಮೂರು ಚಾನೆಲ್ ಇವೆ. ಒಂದನೆಯದರಲ್ಲಿ ವರದಿ, ಎರಡನೆಯದರಲ್ಲಿ ಮನುಷ್ಯರು ಓದುವ ಮಾತು, ಮೂರನೆಯದರಲ್ಲಿ ಮುಂದುವರಿಯಲಾಗದ ಎರರ್. ಹುಕ್ ಹೇಳಿದ್ದೆಲ್ಲ ಎರಡನೆಯದರಲ್ಲಿ ಬರುತ್ತದೆ, ನಿಮ್ಮ ಗಿಟ್ ಪ್ರತಿ ಸಾಲಿನ ಶುರುವಿಗೆ "ರಿಮೋಟ್:" ಅಂಟಿಸುತ್ತದೆ. ಕನ್ನಡ ಧಾರಾಳವಾಗಿ ಬರೆಯಿರಿ, ಟರ್ಮಿನಲ್‌ನ ಫಾಂಟ್ ಸರಿ ಇದ್ದರೆ ಸಾಕು. ನಮ್ಮ ಪ್ರೀ-ರಿಸೀವ್ "ಡೇಟಾಬೇಸ್ ಪಾಸ್‌ವರ್ಡ್ ಸಮೇತ ಕಳಿಸಿದ್ದೀರಿ ಮಾರಾಯ್ರೆ, ತೆಗೆದು ಕಳಿಸಿ" ಅನ್ನುತ್ತದೆ. ಇಂಗ್ಲಿಷಿನ ಎರರ್‌ಗಿಂತ ಇದನ್ನು ಜನ ಓದುತ್ತಾರೆ.

ಹೊಸ ಕಮಿಟ್‌ಗಳನ್ನು ಮಾತ್ರ ನೋಡಬೇಕಾದರೆ ಪ್ರೀ-ರಿಸೀವ್‌ನಲ್ಲಿ ರೆವ್-ಲಿಸ್ಟ್‌ಗೆ (ಕಮಿಟ್‌ಗಳ ಪಟ್ಟಿ ಕೊಡುವ ಕಮಾಂಡ್) ಹೊಸ ಹ್ಯಾಶ್ ಕೊಟ್ಟು "ನಾಟ್ ಆಲ್" ಸೇರಿಸಿ. ಬ್ರಾಂಚ್ ಇನ್ನೂ ಸರಿದಿರುವುದಿಲ್ಲ, ಹಾಗಾಗಿ ಹೊಸದಷ್ಟೇ ಸಿಗುತ್ತದೆ. ಇದೇ ಸಾಲನ್ನು ಪೋಸ್ಟ್-ರಿಸೀವ್‌ನಲ್ಲಿ ಹಾಕಿದರೆ ಖಾಲಿ ಬರುತ್ತದೆ, ಯಾಕೆಂದರೆ ಬ್ರಾಂಚ್ ಆಗಲೇ ಹೊಸದನ್ನು ತೋರಿಸುತ್ತಿರುತ್ತದೆ. ಪ್ರೀ-ರಿಸೀವ್ ಒಳಗಿಂದ ಸೂಡೊ ಹಾಕಿ ಬೇರೆ ಯೂಸರ್ ಆಗಿ ಗಿಟ್ ಓಡಿಸಬೇಡಿ. ಕ್ವಾರಂಟೈನ್ ಎಲ್ಲಿದೆ ಅಂತ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಕಳೆದುಹೋಗಿ "ಆಬ್ಜೆಕ್ಟೇ ಇಲ್ಲ" ಅನ್ನುತ್ತದೆ.

ಮಲ್ಪೆ_ಬಂದರು | ಮಂಗಳವಾರ, ಬೆಳಿಗ್ಗೆ 9:45

ಎಲ್ಲರಿಗೂ ತುಂಬ ಧನ್ಯವಾದ. ಎಫ್‌ಸಿಂಕ್ ಬದಲಿಸಿದೆ, ಮೇನ್‌ಗೆ ಅಪ್‌ಡೇಟ್ ಹುಕ್ ಹಾಕಿದೆ. ಶುರುವಿನಲ್ಲಿ ಹುಕ್ ಓಡಲೇ ಇಲ್ಲ. ಎಕ್ಸಿಕ್ಯೂಟ್ ಪರ್ಮಿಷನ್ ಇರಲಿಲ್ಲ, ಗಿಟ್ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಈಗ ಸರಿ.

ಡಿಪ್ಲಾಯ್‌ನದ್ದು ಮಾತ್ರ ಬಾಕಿ. ಪೋಸ್ಟ್-ರಿಸೀವ್‌ನಲ್ಲಿ ಲೈವ್ ಫೋಲ್ಡರ್‌ಗೆ ಸಿಡಿ ಮಾಡಿ ಗಿಟ್ ಪುಲ್ ಕೊಟ್ಟಿದ್ದೇವೆ. ಕೈಯಲ್ಲಿ ಓಡಿಸಿದರೆ ಸರಿ, ಹುಕ್‌ನಲ್ಲಿ "ನಾಟ್ ಎ ಗಿಟ್ ರೆಪಾಸಿಟರಿ" ಅನ್ನುತ್ತದೆ. ಮತ್ತೆ, ಸ್ಕ್ರಿಪ್ಟ್ ಮುಗಿಯುವವರೆಗೆ ಪುಶ್ ಮಾಡಿದವರ ಟರ್ಮಿನಲ್ ಹಿಡಿದುಕೊಂಡೇ ಇರುತ್ತದೆ.

ಸುರತ್ಕಲ್_ಸರ್ವರ್ | ಮಂಗಳವಾರ, 10:20

ಹುಕ್ ಓಡುವಾಗ ಗಿಟ್-ಡಿರ್ ಅನ್ನುವ ವೇರಿಯಬಲ್ ಬೇರ್ ರೆಪೊವನ್ನು ತೋರಿಸುತ್ತಿರುತ್ತದೆ, ಅದೂ "ಇದ್ದಲ್ಲೇ" ಅಂತ ಚುಕ್ಕಿಯಲ್ಲಿ. ನೀವು ಸಿಡಿ ಮಾಡಿದ ಕೂಡಲೇ ಆ ಚುಕ್ಕಿ ಲೈವ್ ಫೋಲ್ಡರ್ ಆಗುತ್ತದೆ. ಪುಲ್‌ಗೆ ಮೊದಲು ಆ ವೇರಿಯಬಲ್ ಅನ್‌ಸೆಟ್ ಮಾಡಿ. ಪುಲ್ ಬದಲು ಬೇರ್ ರೆಪೊದಿಂದಲೇ ವರ್ಕ್-ಟ್ರೀ ಅಂತ ಲೈವ್ ಫೋಲ್ಡರ್ ಕೊಟ್ಟು ಚೆಕ್‌ಔಟ್ ಮಾಡಿದರೆ ಇನ್ನೂ ಒಳ್ಳೆಯದು. ಆಗ ಮರ್ಜ್ ಕಾನ್‌ಫ್ಲಿಕ್ಟ್ ಅನ್ನುವ ಸಂಗತಿಯೇ ಇಲ್ಲ. ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಬರುವ ಸಾಲುಗಳನ್ನು ಓದಿ, ಮೇನ್ ಬಂದಾಗ ಮಾತ್ರ ಓಡಿಸಿ. ಇಲ್ಲದಿದ್ದರೆ ಯಾರೋ ಟ್ಯಾಗ್ ಪುಶ್ ಮಾಡಿದರೂ ಡಿಪ್ಲಾಯ್ ಆಗುತ್ತದೆ.

ಟರ್ಮಿನಲ್ ಬಿಡದಿರುವುದು ಆ ಎರಡನೇ ಚಾನೆಲ್ ತೆರೆದೇ ಇರುವುದರಿಂದ. ಸ್ಕ್ರಿಪ್ಟನ್ನು ಬ್ಯಾಕ್‌ಗ್ರೌಂಡ್‌ಗೆ ಕಳಿಸಿದರೆ ಸಾಲದು, ಅದರ ಔಟ್‌ಪುಟ್, ಎರರ್ ಎರಡನ್ನೂ ಲಾಗ್ ಫೈಲಿಗೆ ತಿರುಗಿಸಬೇಕು. ನಾನು ಮಾಡುವುದು ಇನ್ನೂ ಸರಳ: ಹುಕ್ ಹೊಸ ಹ್ಯಾಶನ್ನು ಒಂದು ಫೈಲಿಗೆ ಬರೆದು ಹೊರಡುತ್ತದೆ. ಸಿಸ್ಟಂಡಿಯ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ನಡೆಸುವ ಪ್ರೋಗ್ರಾಂ) ಪಾತ್ ಯೂನಿಟ್ ಆ ಫೈಲ್ ಬದಲಾದದ್ದು ನೋಡಿ ಡಿಪ್ಲಾಯ್ ಶುರು ಮಾಡುತ್ತದೆ. ಡಿಪ್ಲಾಯ್ ಬಿದ್ದರೆ ಅದರದ್ದೇ ಲಾಗ್, ಅದರದ್ದೇ ಮೇಲ್. ಹಳೆಯ ಆವೃತ್ತಿಗೆ ಹೋಗಬೇಕಾದರೆ ಹಳೆಯ ಹ್ಯಾಶನ್ನು ಅದೇ ಫೈಲಿಗೆ ಬರೆದರೆ ಸಾಕು, ಮೇನ್ ಮುಟ್ಟುವ ಅಗತ್ಯವೇ ಇಲ್ಲ.

ಮಲ್ಪೆ_ಬಂದರು | ಮಂಗಳವಾರ, 11:55

ಅನ್‌ಸೆಟ್ ಮಾಡಿದ ಕೂಡಲೇ ಪುಲ್ ನಡೆಯಿತು. ಪಾತ್ ಯೂನಿಟ್ ಇವತ್ತು ಸಂಜೆ ಬರೆಯುತ್ತೇನೆ. ಆ ಹ್ಯಾಶ್ ಫೈಲನ್ನು ಬೇರ್ ರೆಪೊದೊಳಗೆ ಇಡಬಹುದಾ, ಹೊರಗೆ ಇಡಬೇಕಾ?

ಸುರತ್ಕಲ್_ಸರ್ವರ್ | ಮಂಗಳವಾರ, 12:01

ಹೊರಗೆ. ಪುಶ್ ಮಾಡುವ ಎಲ್ಲರಿಗೂ ಬರೆಯಲು ಬರುವ ಫೋಲ್ಡರ್‌ನಲ್ಲಿ ಇಡಿ. ಹುಕ್ ಓಡುವುದು ಎಸ್‌ಎಸ್‌ಎಚ್‌ನಲ್ಲಿ ಬಂದ ಯೂಸರ್‌ನ ಹೆಸರಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇದ್ದರೆ ಗ್ರೂಪ್ ಪರ್ಮಿಷನ್ ಮರೆಯಬೇಡಿ.